ಬಹುಮಾನದ ನಿಯಮವನ್ನು ಬರೆಯುವ ಭಾಷೆ



ಬಹುಮಾನ ಕೊಡುವುದು ಸುಲಭವೆಂದು ನಾವು ತಿಳಿದಿದ್ದೆವು. ಬಹುಮಾನದ ನಿಯಮವನ್ನು ಬರೆಯುವುದು ಎಷ್ಟು ಕಷ್ಟವೆಂಬುದು ನಮಗೆ ಮನವರಿಕೆಯಾದದ್ದು ಕಳೆದ ವರ್ಷದ ವಾರ್ಷಿಕೋತ್ಸವದಲ್ಲಿ. ಆ ವರ್ಷ ಪೂರ್ಣ ಹಾಜರಿಗೆ ಒಂದು ಬಹುಮಾನವನ್ನಿಟ್ಟು, ಅದರ ನಿಯಮವನ್ನು ನಾವೇ ಬರೆದು ಸೂಚನಾ ಫಲಕಕ್ಕೆ ಅಂಟಿಸಿದ್ದೆವು. “ಜನವರಿಯ ಕೊನೆಯವರೆಗೆ ಒಂದು ದಿನವೂ ಗೈರುಹಾಜರಾಗದ ವಿದ್ಯಾರ್ಥಿಗೆ ಬಹುಮಾನ.” ಓದಿದವರು ಯಾರೂ ಅದರಲ್ಲಿ ತಪ್ಪು ಕಾಣಲಿಲ್ಲ.

ಬಹುಮಾನ ಸಿಕ್ಕಿದ್ದು ಡಿಸೆಂಬರಿನಲ್ಲಿ ಬೇರೆ ಶಾಲೆಯಿಂದ ವರ್ಗಾವಣೆಯಾಗಿ ಬಂದ ಒಬ್ಬ ಬಾಲಕನಿಗೆ. ನಮ್ಮ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಒಂದು ಗೈರೂ ಇರಲಿಲ್ಲ. ಜೂನ್ ತಿಂಗಳಿನಿಂದ ಮಳೆಯೆನ್ನದೆ ಬಿಸಿಲೆನ್ನದೆ ಬಂದ ಹತ್ತನೆಯ ತರಗತಿಯ ಒಬ್ಬ ಬಾಲಕಿಗೆ ಅದು ಸಿಗಲಿಲ್ಲ. ಉಪಜಿಲ್ಲಾ ಕಲೋತ್ಸವದ ಯಕ್ಷಗಾನ ಸ್ಪರ್ಧೆಗೆ ನಾವೇ ಅವಳನ್ನು ಕಳುಹಿಸಿದ್ದ ದಿನ ಪುಸ್ತಕದಲ್ಲಿ ಗೈರು ಎಂದು ಬಿದ್ದಿತ್ತು. ಸಭೆ ಮುಗಿದ ಮೇಲೆ ಅವಳ ತಂದೆ ನಮ್ಮ ಬಳಿಗೆ ಬಂದು, “ಮಾಷ್ಟ್ರೇ, ಅವಳು ಶಾಲೆಯ ಕೆಲಸಕ್ಕೇ ಹೋದದ್ದಲ್ಲವಾ?” ಎಂದು ಮಾತ್ರ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ತರಗತಿಯಲ್ಲಿ ಈ ಮಾತು ಬಂದಾಗ ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಸರ್, ನಿಮ್ಮ ನಿಯಮದಲ್ಲಿ ಎಲ್ಲಿಂದ ಶುರು ಎಂದು ಹೇಳಿಲ್ಲ. ವೀಡಿಯೊ ಗೇಮಿನಲ್ಲಿ ಅಚೀವ್‌ಮೆಂಟ್ ಬರೆಯುವವರೂ ಇದೇ ತಪ್ಪು ಮಾಡುತ್ತಾರೆ” ಎಂದನು. ವೀಡಿಯೊ ಗೇಮಿಗೂ ಕನ್ನಡ ಮಾಷ್ಟ್ರಿಗೂ ಏನು ಸಂಬಂಧವೆಂದು ನಾವು ಮೊದಲು ನಕ್ಕೆವು. ಆಮೇಲೆ ಅವನಿಂದಲೇ ಕೇಳಿ ತಿಳಿದು, ಓದಿ ನೋಡಿದಾಗ, ಇದು ನಮ್ಮ ವ್ಯಾಕರಣ ಪಾಠಕ್ಕೆ ಬಹಳ ಹತ್ತಿರದ ವಿಷಯವೆಂದು ಕಂಡಿತು. ಅದನ್ನೇ ಇಲ್ಲಿ ಕ್ರಮವಾಗಿ ವಿವೇಚಿಸೋಣ.

1. ಸಾಧನೆ ಎಂದರೇನು?

ವೀಡಿಯೊ ಆಟಗಳಲ್ಲಿ ಆಟವನ್ನು ಗೆಲ್ಲುವುದಲ್ಲದೆ, “ಒಂದೂ ಜೀವ ಕಳೆದುಕೊಳ್ಳದೆ ಕೋಟೆಯನ್ನು ದಾಟಿದವನು” ಎಂಬಂತಹ ಬಿರುದುಗಳೂ ಇರುತ್ತವೆ. ಇವನ್ನು ಅಚೀವ್‌ಮೆಂಟ್ ಎನ್ನುತ್ತಾರೆ. ನಾವು ಸಾಧನೆ ಎನ್ನೋಣ.

ಮೊದಲು ಈ ಬಿರುದುಗಳನ್ನು ಮನುಷ್ಯರೇ ಕೊಡುತ್ತಿದ್ದರು. ಅಮೆರಿಕದ ಆಕ್ಟಿವಿಷನ್ ಸಂಸ್ಥೆಯು 1982ರಲ್ಲಿ ಡೇವಿಡ್ ಕ್ರೇನ್ ಎಂಬವರು ರಚಿಸಿದ ‘ಪಿಟ್‌ಫಾಲ್’ ಎಂಬ ಆಟವನ್ನು ಹೊರತಂದಿತು. ಅದರಲ್ಲಿ 20,000 ಅಂಕ ಗಳಿಸಿದವರು ಟೆಲಿವಿಷನ್ ತೆರೆಯ ಛಾಯಾಚಿತ್ರ ತೆಗೆದು ಅಂಚೆಯಲ್ಲಿ ಕಳುಹಿಸಿದರೆ, ಸಂಸ್ಥೆಯವರು ಬಟ್ಟೆಯ ಮೇಲೆ ಹೊಲಿದುಕೊಳ್ಳುವ ಒಂದು ಲಾಂಛನವನ್ನು ಕಳುಹಿಸಿಕೊಡುತ್ತಿದ್ದರು. ಚಿತ್ರವನ್ನು ನೋಡಿ ತೀರ್ಮಾನಿಸುವವನು ಮನುಷ್ಯನಾಗಿದ್ದನು. 2005ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ 360 ಯಂತ್ರ ಬಂದಾಗ ಈ ಕೆಲಸ ಯಂತ್ರದ ಪಾಲಿಗೆ ಬಂತು. 2007ರಲ್ಲಿ ಸ್ಟೀಮ್, 2008ರಲ್ಲಿ ಪ್ಲೇಸ್ಟೇಷನ್ 3 ಇದೇ ದಾರಿ ಹಿಡಿದವು.

ಇಲ್ಲಿಯೇ ತೊಡಕು ಆರಂಭವಾಗುತ್ತದೆ. ಮನುಷ್ಯನಿಗೆ ನಿಯಮದ ಮಾತು ತಪ್ಪಿದರೂ ಅದರ ಉದ್ದೇಶ ತಿಳಿಯುತ್ತದೆ. ಯಂತ್ರಕ್ಕೆ ಉದ್ದೇಶ ತಿಳಿಯದು. ಬರೆದದ್ದೇ ಅದಕ್ಕೆ ಶಾಸನ. ಆದುದರಿಂದ ಸಾಧನೆಯ ನಿಯಮವನ್ನು ತಪ್ಪಿಲ್ಲದೆ ಹೇಳಲು ತಕ್ಕ ಒಂದು ಚಿಕ್ಕ ಭಾಷೆ ಬೇಕಾಗುತ್ತದೆ. ಇಂತಹ ಚಿಕ್ಕ ಭಾಷೆಗೆ ಸ್ಕ್ರಿಪ್ಟಿಂಗ್ ಭಾಷೆ ಎಂದು ಹೆಸರು.

2. ಯಂತ್ರ ಏನನ್ನು ನೋಡುತ್ತದೆ?

ನಿಂಟೆಂಡೊ ಸಂಸ್ಥೆಯು 1985ರಲ್ಲಿ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ಆಟವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆ ಕಾಲದ ಆಟಗಳಲ್ಲಿ ಸಾಧನೆಗಳಿರಲಿಲ್ಲ. 2012ರಲ್ಲಿ ಆರಂಭವಾದ ರೆಟ್ರೊಅಚೀವ್‌ಮೆಂಟ್ಸ್ ಎಂಬ ಕೂಟದ ಸ್ವಯಂಸೇವಕರು ಇಂತಹ ಹಳೆಯ ಆಟಗಳಿಗೆ ಹೊಸದಾಗಿ ಸಾಧನೆಗಳನ್ನು ಬರೆದು ಸೇರಿಸುತ್ತಾರೆ. ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮಿನಲ್ಲಿ ಆಟ ನಡೆಯುತ್ತಿರುವಾಗ ಅದರ ನೆನಪನ್ನು ಓದುತ್ತಾ ಹೋಗುವುದು ಅವರ ವಿಧಾನ.

ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸಿಡುವ ಗೂಡುಗಳನ್ನು ನೆನಪಿಗೆ ತಂದುಕೊಳ್ಳಿರಿ. ಮಾರಿಯೊ ಓಡುತ್ತಿದ್ದ ಯಂತ್ರದ ಕೆಲಸದ ನೆನಪಿನಲ್ಲಿ ಇಂತಹ 2048 ಗೂಡುಗಳಿದ್ದವು. ಒಂದೊಂದರಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಇರುತ್ತದೆ. ಗೂಡುಗಳನ್ನು ಸೊನ್ನೆಯಿಂದ ಎಣಿಸಿದರೆ, ಮಾರಿಯೊವಿನ ಜೀವಗಳು 1882ನೆಯ ಗೂಡಿನಲ್ಲಿ, ನಾಣ್ಯಗಳು 1886ನೆಯದರಲ್ಲಿ, ಯಾವ ಲೋಕದಲ್ಲಿದ್ದಾನೆ ಎಂಬುದು 1887ನೆಯದರಲ್ಲಿ ಇರುತ್ತವೆ. 1904ನೆಯ ಗೂಡು ಆಟದ ಸ್ಥಿತಿಯನ್ನು ಹೇಳುತ್ತದೆ. ಅಲ್ಲಿ 0 ಇದ್ದರೆ ಮುಖಪುಟ, 1 ಇದ್ದರೆ ಆಟ ನಡೆಯುತ್ತಿದೆ, 2 ಇದ್ದರೆ ಕೋಟೆ ಗೆದ್ದಿದೆ, 3 ಇದ್ದರೆ ಆಟ ಮುಗಿದಿದೆ.

ಸಿನೆಮಾದ ಸುರುಳಿಯಲ್ಲಿ ಒಂದಾದ ಮೇಲೊಂದು ಚಿತ್ರ ಇರುವಂತೆ ಆಟದಲ್ಲಿಯೂ ಸೆಕೆಂಡಿಗೆ ಸುಮಾರು 60 ಚಿತ್ರಗಳು ತೆರೆಗೆ ಬರುತ್ತವೆ. ಒಂದೊಂದು ಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಪ್ರತಿ ಫ್ರೇಮಿಗೂ ಒಮ್ಮೆ ನಿಯಮವು ಗೂಡುಗಳನ್ನು ನೋಡಿ, “ಕೊಡಲೇ, ಬೇಡವೇ?” ಎಂದು ಕೇಳಿಕೊಳ್ಳುತ್ತದೆ.

3. ‘ಇದೆ’ ಮತ್ತು ‘ಆಯಿತು’

ಮೊದಲನೆಯ ಸಾಧನೆ ಬರೆಯೋಣ: ನೂರು ನಾಣ್ಯ ಕೂಡಿಸಿದವನಿಗೆ ಬಿರುದು. ನಮ್ಮ ಭಾಷೆಯಲ್ಲಿ ಹೀಗೆ ಬರೆಯಬಹುದೆಂದು ತೋರುತ್ತದೆ:

ಕೊಡು: ನಾಣ್ಯ = 100

ಈ ಬಿರುದು ಎಂದೆಂದಿಗೂ ಯಾರಿಗೂ ಸಿಗದು! ಏಕೆಂದರೆ ನೂರನೆಯ ನಾಣ್ಯ ಸಿಕ್ಕಿದ ಕೂಡಲೇ ಆಟವು ನಾಣ್ಯದ ಗೂಡನ್ನು ಸೊನ್ನೆ ಮಾಡಿ, ಮಾರಿಯೊವಿಗೆ ಒಂದು ಜೀವವನ್ನು ಹೆಚ್ಚಿಸುತ್ತದೆ. ಇದೆಲ್ಲವೂ ಒಂದೇ ಫ್ರೇಮಿನೊಳಗೆ ಮುಗಿದುಹೋಗುವುದರಿಂದ ನಿಯಮ ನೋಡುವ ಹೊತ್ತಿಗೆ ಗೂಡಿನಲ್ಲಿ 100 ಎಂಬುದು ಇರುವುದೇ ಇಲ್ಲ. ಹಾಗಾದರೆ ‘99 ಇತ್ತು, ಈಗ 0 ಆಯಿತು’ ಎನ್ನಬೇಕು. ಆದರೆ ಹೊಸ ಆಟ ಹೂಡಿದಾಗಲೂ ನಾಣ್ಯ ಸೊನ್ನೆಯಾಗುತ್ತದೆಯಷ್ಟೆ? ಆದುದರಿಂದ ಜೀವ ಹೆಚ್ಚಿತೋ ಎಂದೂ ನೋಡಬೇಕು:

ಸಾಧನೆ: ನೂರು ನಾಣ್ಯ
ಕೊಡು: ಸ್ಥಿತಿ = 1
ಮತ್ತು ಹಿಂದಿನ ನಾಣ್ಯ = 99
ಮತ್ತು ಈಗಿನ ನಾಣ್ಯ = 0
ಮತ್ತು ಈಗಿನ ಜೀವ = ಹಿಂದಿನ ಜೀವ + 1

‘ಹಿಂದಿನ’ ಎಂದರೆ ಇಲ್ಲಿ ಒಂದು ಫ್ರೇಮ್ ಹಿಂದಿನ ಎಂದರ್ಥ. ಭೂತಕಾಲವನ್ನೂ ವರ್ತಮಾನಕಾಲವನ್ನೂ ಬೇರೆ ಬೇರೆಯಾಗಿ ಹೇಳಲು ಬಾರದ ಭಾಷೆಯಲ್ಲಿ ಈ ನಿಯಮವನ್ನು ಬರೆಯಲಾಗದು. ‘ಇದೆ’ ಎಂಬುದು ಸ್ಥಿತಿ, ‘ಆಯಿತು’ ಎಂಬುದು ಘಟನೆ. ಬಹುಮಾನ ಕೊಡಬೇಕಾದದ್ದು ಹೆಚ್ಚಾಗಿ ಘಟನೆಗೆ. ಭಾಷೆಯನ್ನು ರಚಿಸುವವನು ಮೊದಲು ಗಮನಿಸಬೇಕಾದ ಅಂಶವಿದು.

4. ‘ಒಮ್ಮೆಯೂ ಇಲ್ಲ’ ಎಂಬುದನ್ನು ಹೇಳುವ ಬಗೆ

ಎರಡನೆಯ ಸಾಧನೆ ಇನ್ನೂ ಕಷ್ಟದ್ದು: ಒಂದೂ ಜೀವ ಕಳೆದುಕೊಳ್ಳದೆ ಮೊದಲನೆಯ ಲೋಕದ ಕೋಟೆಯನ್ನು ಗೆಲ್ಲಬೇಕು. ಆಟದ ಆರಂಭದಲ್ಲಿ ತೆರೆಯ ಮೇಲೆ 3 ಜೀವಗಳು ಕಾಣುತ್ತವೆ, ಗೂಡಿನಲ್ಲಿ 2 ಎಂದಿರುತ್ತದೆ. ಹಾಗಾದರೆ ಕೋಟೆ ಗೆದ್ದಾಗ ಜೀವದ ಗೂಡಿನಲ್ಲಿ 2 ಇದ್ದರೆ ಕೊಡು ಎನ್ನೋಣವೇ?

ಇದರಲ್ಲಿ ಎರಡು ಅನ್ಯಾಯಗಳಾಗುತ್ತವೆ. ದಾರಿಯಲ್ಲಿ ಒಂದು ಜೀವ ಗಳಿಸಿ ಒಂದನ್ನು ಕಳೆದವನ ಗೂಡಿನಲ್ಲಿಯೂ 2 ಇರುತ್ತದೆ. ಅವನಿಗೆ ಅರ್ಹತೆಯಿಲ್ಲದೆ ಬಿರುದು ಸಿಗುತ್ತದೆ. ಒಂದು ಜೀವ ಗಳಿಸಿ ಏನನ್ನೂ ಕಳೆಯದವನ ಗೂಡಿನಲ್ಲಿ 3 ಇರುತ್ತದೆ. ಹೆಚ್ಚು ಚೆನ್ನಾಗಿ ಆಡಿದ ಅವನಿಗೆ ಬಿರುದು ಸಿಗುವುದಿಲ್ಲ. ಕೊನೆಯ ಕ್ಷಣವೊಂದನ್ನೇ ನೋಡಿದರೆ ನಡೆದ ದಾರಿಯೆಲ್ಲ ಹೇಗೆ ತಿಳಿದೀತು?

ಆದುದರಿಂದ ನಮ್ಮ ಭಾಷೆಗೆ ಎರಡು ಹೊಸ ಪದಗಳು ಬೇಕು. ‘ಆರಂಭ’ ಎಂಬುದು ಒಂದು ಗುರುತು ಹಾಕುತ್ತದೆ. ‘ಅಳಿಸು’ ಎಂಬುದು ಆ ಗುರುತನ್ನು ಅಳಿಸಿಬಿಡುತ್ತದೆ. ಗುರುತು ಉಳಿದಿರುವವನಿಗೆ ಮಾತ್ರ ಬಹುಮಾನ.

ಸಾಧನೆ: ಜೀವ ಕಳೆಯದ ವೀರ
ಆರಂಭ: ಹಿಂದಿನ ಸ್ಥಿತಿ = 0 ಮತ್ತು ಈಗಿನ ಸ್ಥಿತಿ = 1 ಮತ್ತು ಲೋಕ = 0
ಅಳಿಸು: ಈಗಿನ ಜೀವ < ಹಿಂದಿನ ಜೀವ
ಕೊಡು: ಆರಂಭ ಉಳಿದಿದೆ
ಮತ್ತು ಹಿಂದಿನ ಸ್ಥಿತಿ = 1 ಮತ್ತು ಈಗಿನ ಸ್ಥಿತಿ = 2
ಮತ್ತು ಲೋಕ = 0

ಮೊದಲನೆಯ ಲೋಕವನ್ನು ಗೂಡಿನಲ್ಲಿ 0 ಎಂದೇ ಬರೆದಿರುತ್ತಾರೆ. ಆರಂಭದಲ್ಲಿ ‘ಲೋಕ = 0’ ಎಂದು ಸೇರಿಸಿದ್ದಕ್ಕೂ ಕಾರಣವಿದೆ. ಈ ಆಟದ ಮುಖಪುಟದಲ್ಲಿ ‘ಎ’ ಗುಂಡಿಯನ್ನು ಒತ್ತಿ ಹಿಡಿದು ಆರಂಭಿಸಿದರೆ, ಹಿಂದಿನ ಸಲ ಸೋತ ಲೋಕದಿಂದಲೇ ಆಟವನ್ನು ಮುಂದುವರಿಸಬಹುದು. ಹಾಗೆ ನಡುವಿನಿಂದ ಹೊರಟವನಿಗೆ ಗುರುತು ಬೀಳಬಾರದು. ಗೆಲುವನ್ನು ‘ಎರಡನೆಯ ಲೋಕಕ್ಕೆ ಬಂದನು’ ಎಂದು ಬರೆಯದೆ ‘ಕೋಟೆ ಗೆದ್ದನು’ ಎಂದು ಬರೆದದ್ದೂ ಹೀಗೆಯೇ. ಮೊದಲನೆಯ ಲೋಕದ ಎರಡನೆಯ ಹಂತದಲ್ಲಿ ಅಡಗಿರುವ ಕೊಳವೆಗಳಲ್ಲಿ ಇಳಿದವನು ಕೋಟೆಯ ಮುಖವನ್ನೇ ನೋಡದೆ 2, 3 ಅಥವಾ 4ನೆಯ ಲೋಕಕ್ಕೆ ಹೋಗಬಲ್ಲನು.

ಈಗ ನಮ್ಮ ಹಾಜರಿಯ ನಿಯಮವನ್ನು ಮತ್ತೊಮ್ಮೆ ಓದಿರಿ. ‘ಒಂದು ದಿನವೂ ಗೈರಾಗದ’ ಎಂಬ ಮಾತಿನಲ್ಲಿ ‘ಅಳಿಸು’ ಇದೆ. ‘ಆರಂಭ’ ಇಲ್ಲ. ಡಿಸೆಂಬರಿನಲ್ಲಿ ಬಂದ ಬಾಲಕನು ಆಟದ ನಡುವಿನಿಂದ ಹೊರಟವನು. ಅದು ಅವನ ತಪ್ಪಲ್ಲ. ನಿಯಮ ಕೇಳಿದ್ದನ್ನು ಅವನು ಮಾಡಿದ್ದನು.

5. ‘ತಡೆ’ ಎಂಬ ಪದದ ಅಗತ್ಯ

“ಹತ್ತು ಸೆಕೆಂಡು ಶತ್ರುವಿನ ಕೈಗೆ ಸಿಗದೆ ಉಳಿಯಬೇಕು” ಎಂಬ ನಿಯಮವಿದೆ ಎನ್ನಿರಿ. ಹತ್ತು ಸೆಕೆಂಡು ಎಂದರೆ ಸುಮಾರು 600 ಫ್ರೇಮುಗಳ ಎಣಿಕೆ. ಆಟಗಾರನು ಆಟವನ್ನು ನಿಲ್ಲಿಸುವ ಗುಂಡಿ ಒತ್ತಿ ಚಹಾ ಕುಡಿಯಲು ಹೋದರೂ ಫ್ರೇಮುಗಳು ಓಡುತ್ತಲೇ ಇರುತ್ತವೆ. ಹಿಂದಿರುಗಿ ಬಂದಾಗ ಬಿರುದು ಕಾದಿರುತ್ತದೆ! ಆದುದರಿಂದ ಆಟ ನಿಂತಿರುವಾಗ ಎಣಿಕೆಯೂ ನಿಲ್ಲಬೇಕು. ಅಳಿಸಬಾರದು, ಮುಂದಕ್ಕೂ ಹೋಗಬಾರದು, ಇದ್ದಲ್ಲಿಯೇ ಇರಬೇಕು. ಇದಕ್ಕೆ ‘ತಡೆ’ ಎಂಬ ಪದ.

ತಡೆ ಮತ್ತು ಅಳಿಸು ಎರಡೂ ಒಂದೇ ಕ್ಷಣದಲ್ಲಿ ಬಂದರೆ ಯಾವುದು ಮೊದಲು? ರೆಟ್ರೊಅಚೀವ್‌ಮೆಂಟ್ಸ್ ಪದ್ಧತಿಯಲ್ಲಿ ಒಂದು ಗುಂಪಿನ ತಡೆಯನ್ನು ಮೊದಲು ನೋಡುತ್ತಾರೆ. ತಡೆ ಇದ್ದರೆ ಆ ಗುಂಪಿನ ಅಳಿಸು ನಡೆಯುವುದಿಲ್ಲ. ಇದು ಸಣ್ಣ ವಿಷಯವಲ್ಲ. ಯಕ್ಷಗಾನಕ್ಕೆ ಹೋದ ದಿನ ಆ ಬಾಲಕಿಯ ಹೆಸರಿನ ಮುಂದೆ ಗೈರೂ ಇತ್ತು, ಶಾಲೆಯ ಕೆಲಸವೆಂಬ ತಡೆಯೂ ಇತ್ತು. ಕ್ರಮವನ್ನು ತಿರುಗಾಮುರುಗಾ ಮಾಡಿದರೆ ಅವಳು ಮತ್ತೊಮ್ಮೆ ಸೋಲುತ್ತಾಳೆ.

6. ಭಾಷೆ ಚಿಕ್ಕದಾಗಿರಬೇಕು, ಏಕೆ?

ಇಷ್ಟೆಲ್ಲ ಕಷ್ಟಪಡುವ ಬದಲು ಈಗಾಗಲೇ ಇರುವ ಯಾವುದಾದರೊಂದು ದೊಡ್ಡ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಬಾರದೇಕೆ ಎಂದು ನೀವು ಕೇಳಬಹುದು. ಇದಕ್ಕೆ ಮೂರು ಉತ್ತರಗಳಿವೆ.

ಮೊದಲನೆಯದು, ನಿಯಮ ಬರೆಯುವವನು ಅಪರಿಚಿತ, ನಿಯಮ ನಡೆಯುವುದು ನಿಮ್ಮ ಯಂತ್ರದಲ್ಲಿ. ದೊಡ್ಡ ಭಾಷೆಗೆ ಕಡತಗಳನ್ನು ಅಳಿಸುವ ಶಕ್ತಿಯೂ ಇರುತ್ತದೆ. ನಮ್ಮ ಚಿಕ್ಕ ಭಾಷೆಗೆ ಗೂಡುಗಳನ್ನು ಓದಲು ಮಾತ್ರ ಬರುತ್ತದೆ, ತಿದ್ದಲು ಬಾರದು. ಪರೀಕ್ಷಾ ಕೊಠಡಿಯ ಮೇಲ್ವಿಚಾರಕನು ಉತ್ತರ ಪತ್ರಿಕೆಯನ್ನು ನೋಡಬಹುದು, ಅದರಲ್ಲಿ ಬರೆಯಬಾರದು ಎಂಬಂತೆ.

ಎರಡನೆಯದು, ಸೆಕೆಂಡಿಗೆ 60 ಸಲ ಲೆಕ್ಕ ಮುಗಿಯಬೇಕು. ದೊಡ್ಡ ಭಾಷೆಯಲ್ಲಿ ‘ಹೀಗಾಗುವವರೆಗೆ ಮಾಡುತ್ತಾ ಇರು’ ಎಂದು ಬರೆಯಬಹುದು. ಅದು ಎಂದೂ ಆಗದಿದ್ದರೆ ಆಟವೇ ಸ್ತಬ್ಧವಾಗುತ್ತದೆ. ನಮ್ಮ ಭಾಷೆಯಲ್ಲಿ ಅಂತಹ ವಾಕ್ಯವನ್ನು ಬರೆಯಲು ಪದವೇ ಇಲ್ಲ. ಇಲ್ಲದಿರುವುದೇ ಇಲ್ಲಿ ಗುಣ.

ಮೂರನೆಯದು, ನಿಯಮವನ್ನು ಇನ್ನೊಬ್ಬರು ಓದಿ ತಪ್ಪು ಹಿಡಿಯುವಂತಿರಬೇಕು. ‘1882’ ಎಂಬುದನ್ನು ಓದಿದವನಿಗೆ ಏನೂ ತಿಳಿಯದು. ಆದುದರಿಂದ ಗೂಡಿಗೆ ಒಮ್ಮೆ ‘ಜೀವ’ ಎಂದು ಹೆಸರಿಟ್ಟು, ಮುಂದೆ ಆ ಹೆಸರನ್ನೇ ಬಳಸಲು ಅವಕಾಶವಿರಬೇಕು. ಈ ಕೂಟದವರು ಬಳಸುವ ಆರ್‌ಎ ಟೂಲ್ಸ್ ಎಂಬ ಸಲಕರಣೆಯಲ್ಲಿ ಇಂತಹದೇ ಒಂದು ಸ್ಕ್ರಿಪ್ಟಿಂಗ್ ಭಾಷೆ ಇದೆ. ಅದರಲ್ಲಿ ನಮ್ಮ ‘ಹಿಂದಿನ’ ಎಂಬುದಕ್ಕೆ ‘ಪ್ರೀವ್’, ‘ಅಳಿಸು’ ಎಂಬುದಕ್ಕೆ ‘ನೆವರ್’, ‘ತಡೆ’ ಎಂಬುದಕ್ಕೆ ‘ಅನ್‌ಲೆಸ್’, ಒಮ್ಮೆ ಆದದ್ದನ್ನು ನೆನಪಿಡಲು ‘ಒನ್ಸ್’ ಎಂಬ ಪದಗಳಿವೆ. ಪದಗಳು ಇಂಗ್ಲಿಷಿನವು, ವಿಚಾರಕ್ಕೆ ಯಾವ ಭಾಷೆಯ ಹಂಗೂ ಇಲ್ಲ.

7. ನಿಯಮವನ್ನು ಪರೀಕ್ಷಿಸುವ ಕ್ರಮ

ಬರೆದ ನಿಯಮ ಸರಿಯೆಂದು ತಿಳಿಯುವುದು ಹೇಗೆ? ಬಹುಮಾನಕ್ಕೆ ಅರ್ಹನಾದವನು ಹೇಗೆ ಹೇಗೆ ಆಡಬಹುದೆಂಬ ಒಂದು ಪಟ್ಟಿಯನ್ನೂ, ಅನರ್ಹನು ಹೇಗೆ ಹೇಗೆ ನುಸುಳಬಹುದೆಂಬ ಇನ್ನೊಂದು ಪಟ್ಟಿಯನ್ನೂ ಬರೆಯಬೇಕು. ಮೊದಲನೆಯ ಪಟ್ಟಿಯವರೆಲ್ಲರಿಗೂ ಸಿಗಬೇಕು, ಎರಡನೆಯವರಲ್ಲಿ ಒಬ್ಬನಿಗೂ ಸಿಗಬಾರದು. ನಾವು ಸಾಮಾನ್ಯವಾಗಿ ಕಳ್ಳನನ್ನು ಹಿಡಿಯುವುದರ ಬಗೆಗೇ ಯೋಚಿಸಿ, ಅರ್ಹನು ತಪ್ಪಿಹೋಗುವುದನ್ನು ಮರೆಯುತ್ತೇವೆ. ನಮ್ಮ ಶಾಲೆಯಲ್ಲಿ ಆದದ್ದೂ ಅದೇ.

ಈ ವರ್ಷ ಅದೇ ನಿಯಮವನ್ನು ವಿದ್ಯಾರ್ಥಿಗಳೊಡನೆ ಕುಳಿತು ಹೀಗೆ ಬರೆದಿದ್ದೇವೆ:

ಬಹುಮಾನ: ಪೂರ್ಣ ಹಾಜರಿ
ಆರಂಭ: ಜೂನ್ ತಿಂಗಳ ಮೊದಲ ತರಗತಿಯ ದಿನ ಹಾಜರಿದ್ದರೆ
ತಡೆ: ಶಾಲೆಯೇ ಕಳುಹಿಸಿದ ದಿನವಾದರೆ
ಅಳಿಸು: ಗೈರಾದರೆ
ಕೊಡು: ಜನವರಿಯ ಕೊನೆಯ ತರಗತಿಯ ದಿನ ಆರಂಭ ಉಳಿದಿದ್ದರೆ

ಸೂಚನಾ ಫಲಕದಲ್ಲಿ ಇದನ್ನು ಓದಿದ ಏಳನೆಯ ತರಗತಿಯ ಮಕ್ಕಳೂ ಅರ್ಥಮಾಡಿಕೊಂಡರು. ಕನ್ನಡ ವ್ಯಾಕರಣದಲ್ಲಿ ನಾವು ಕಲಿಸುವ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಕ್ರಿಯಾಪದಗಳನ್ನು ಕೇವಲ ಅಂಕಕ್ಕಾಗಿ ಬಾಯಿಪಾಠ ಮಾಡುವವರುಂಟು. ‘ಕೊಡು’ ಎಂಬ ವಿಧಿ, ‘ಆಗದು’ ಎಂಬ ನಿಷೇಧ, ‘ಆದೀತು’ ಎಂಬ ಸಂಭಾವನೆ, ಇವುಗಳ ನಡುವಣ ಅಂತರವನ್ನು ಬಲ್ಲವನಿಗೆ ಯಂತ್ರದ ಭಾಷೆ ಹೊಸದಾಗಿ ಕಾಣುವುದಿಲ್ಲ. ಎರಡು ಭಾಷೆಗಳಲ್ಲಿ ಓದಿ ಬೆಳೆದ ನಮ್ಮ ಅನುಭವವೂ ಇದೇ. ಒಂದು ಮಾತನ್ನು ಇನ್ನೊಂದು ಭಾಷೆಗೆ ತರಲು ಹೊರಟಾಗಲೇ ಅದರೊಳಗಿನ ಬಿರುಕು ಕಣ್ಣಿಗೆ ಬೀಳುತ್ತದೆ.

ಪೋಷಕರಲ್ಲಿ ಒಂದು ಮಾತು. ಮಕ್ಕಳು ಆಟದಲ್ಲಿ ಹೊತ್ತು ಕಳೆಯುತ್ತಾರೆಂಬ ನಿಮ್ಮ ಚಿಂತೆ ಸುಳ್ಳಲ್ಲ. ಆದರೆ “ಆಡಬೇಡ” ಎನ್ನುವುದರ ಜೊತೆಗೆ, “ಈ ಬಿರುದನ್ನು ಯಂತ್ರ ಹೇಗೆ ತೀರ್ಮಾನಿಸಿತು?” ಎಂದು ಒಮ್ಮೆ ಕೇಳಿ ನೋಡಿರಿ. ಆ ಪ್ರಶ್ನೆಯ ಹಿಂದೆ ಹೋದ ಮಗು ಆಡುವವನ ಪೀಠದಿಂದೆದ್ದು ಆಟ ಕಟ್ಟುವವನ ಪೀಠದ ಕಡೆಗೆ ಒಂದು ಹೆಜ್ಜೆ ಇಡುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದು ದೂರವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ನಮಗೆ ಈ ಪಾಠವನ್ನು ಕಲಿಸಿದವನು ಕನ್ನಡ ಮಾಧ್ಯಮದ ವಿದ್ಯಾರ್ಥಿಯೇ.

ಆ ಬಾಲಕಿ ಹತ್ತನೆಯ ತರಗತಿ ಮುಗಿಸಿ ಬೇರೆ ಶಾಲೆಗೆ ಹೋಗಿದ್ದಾಳೆ. ಬಾಲಕನಿಗೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ನ್ಯಾಯವಲ್ಲವೆಂದು ಅದನ್ನು ನಾವು ಮುಟ್ಟಲಿಲ್ಲ. ಹೊಸ ನಿಯಮದ ಒಂದು ಪ್ರತಿಯನ್ನು ಹಿಡಿದುಕೊಂಡು ಅವಳ ಮನೆಗೆ ಹೋಗಿ, ತಪ್ಪು ನಿಮ್ಮ ಮಗಳದ್ದಲ್ಲ, ನಮ್ಮ ವಾಕ್ಯದ್ದು ಎಂದು ಅವಳ ತಂದೆಗೆ ಹೇಳಿ ಬಂದೆವು.

ಅಭ್ಯಾಸಕ್ಕಾಗಿ

1. “ಅತಿ ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ” ಎಂಬ ಗ್ರಂಥಾಲಯದ ನಿಯಮದಲ್ಲಿರುವ ದೋಷಗಳನ್ನು ಪಟ್ಟಿ ಮಾಡಿರಿ. ‘ಓದಿದ’ ಎಂಬುದನ್ನು ಯಾವ ಗೂಡಿನಲ್ಲಿ ನೋಡುವಿರಿ?

2. “ಒಂದೂ ಫೌಲ್ ಮಾಡದೆ ಕಬಡ್ಡಿ ಗೆದ್ದ ತಂಡ” ಎಂಬ ಸಾಧನೆಯನ್ನು ಆರಂಭ, ಅಳಿಸು, ತಡೆ, ಕೊಡು ಎಂಬ ನಾಲ್ಕು ಪದಗಳಿಂದ ಬರೆಯಿರಿ. ವಿರಾಮದ ವೇಳೆಯನ್ನು ಮರೆಯಬೇಡಿರಿ.

3. ಜ್ವರದಿಂದ ಶಾಲೆಗೆ ಬಾರದ ದಿನವನ್ನು ‘ತಡೆ’ಯಲ್ಲಿ ಸೇರಿಸಬೇಕೇ, ‘ಅಳಿಸು’ವಿನಲ್ಲಿ ಬಿಡಬೇಕೇ? ಸೇರಿಸದಿದ್ದರೆ ಜ್ವರವಿದ್ದರೂ ಬಹುಮಾನದ ಆಸೆಗೆ ಮಗು ಶಾಲೆಗೆ ಬಂದೀತಲ್ಲವೇ? ಮನೆಯಲ್ಲಿ ಹಿರಿಯರೊಡನೆ ಚರ್ಚಿಸಿ, ನಿಮ್ಮ ಅಭಿಪ್ರಾಯವನ್ನು ಐದು ವಾಕ್ಯಗಳಲ್ಲಿ ಬರೆದು ತನ್ನಿರಿ.